ತೂತಿಲ್ಲದ ಬಿಲ್ಲು

ಮಂಗಳವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕೌಂಟರಿಗೆ ಫೋನ್ ಬಂದಾಗ ನಾನು ಬಿಲ್ಲಿನ ಯಂತ್ರಕ್ಕೆ ಹೊಸ ಕಾಗದದ ಸುರುಳಿ ಕೂರಿಸುತ್ತಿದ್ದೆ. ಯಾರೋ ಟೇಬಲ್ ಕಾಯ್ದಿರಿಸಲು ಮಾಡಿರಬೇಕು ಎಂದುಕೊಂಡು ಎತ್ತಿದೆ.

"ಭಾನುವಾರ ನಿಮ್ ಹೋಟ್ಲಲ್ಲಿ ಊಟ ಮಾಡ್ದೋಳು ನಾನು," ಎಂದಿತು ಹೆಂಗಸಿನ ದನಿ. "ನಿನ್ನೆ ಸಂಜೆಯಿಂದ ನನ್ ಫೋನ್ ನಿಂತಿಲ್ಲ. ಯಾರ್ಯಾರೋ ಗಂಡಸ್ರು ಫೋನ್ ಮಾಡಿ ಟಿಪ್ಸ್ ಕೊಡ್ಲಾ ಅಂತಾರೆ. ನನ್ ಬಿಲ್ಲು, ನನ್ ಹೆಸರು, ನನ್ ನಂಬರು ಊರೋರ ಫೋನಲ್ಲೆಲ್ಲಾ ಹೆಂಗಮ್ಮಾ ಬಂತು?"

ಅವರು ನನ್ನ ಮೊಬೈಲಿಗೆ ಕಳಿಸಿದ ಕೊಂಡಿ ತೆರೆದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತ ಎಲ್ಲಿ ಏನು ತಿನ್ನಬಹುದು ಎಂದು ಬರೆಯುವ ಒಂದು ಪೇಜ್. ಅದರಲ್ಲಿ ನಮ್ಮ ಬಿಲ್ಲಿನ ಫೋಟೋ. ಮೇಲ್ಗಡೆ ನಮ್ಮ ಹೆಸರನ್ನು ಕತ್ತರಿಸಿದ್ದರು, ಆದರೆ ಗಿರಾಕಿಯ ಹೆಸರು ಮತ್ತು ಮೊಬೈಲ್ ನಂಬರು ಹಾಗೇ ಇದ್ದವು. ಸರ್ವಿಸ್ ಚಾರ್ಜಿನ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೀಟು, ಪಕ್ಕದಲ್ಲಿ "ಬೇಡ" ಎಂದು ಬರೆದು ಸಹಿ. ಕೆಳಗೆ ಹೀಗಿತ್ತು: "ನಾಲ್ಕು ಜನ ಹೊಟ್ಟೆ ತುಂಬಾ ತಿಂದು, ಬಡಿಸಿದೋನ ದುಡ್ಡು ಹೊಡ್ಕೊಂಡು ಹೋದ್ರು. ಇಂಥೋರಿಗೆ ಏನನ್ನಬೇಕು?" ಏನೆನ್ನಬೇಕು ಎಂದು ನೂರಾರು ಜನ ಅದರಡಿಯಲ್ಲಿ ಬರೆದಿದ್ದರು. ಅವನ್ನೆಲ್ಲ ಓದಲು ನನ್ನಿಂದ ಆಗಲಿಲ್ಲ.

ಭಾನುವಾರದ್ದು ನನಗೆ ಚೆನ್ನಾಗಿ ನೆನಪಿತ್ತು. ಘಾಟಿ ದೇವಸ್ಥಾನಕ್ಕೆ ಹೋಗಿ ಹಿಂದಿರುಗುತ್ತಿದ್ದ ನಾಲ್ವರು ಹೆಂಗಸರು. ಫೋನ್ ಮಾಡಿದಾಕೆಗೆ ಐವತ್ತರ ಆಸುಪಾಸು. ದೊಡ್ಡಬಳ್ಳಾಪುರದ ನೇಕಾರರ ಮನೆಯವರು, ಮನೆಯಲ್ಲೇ ಮಗ್ಗ, ಮನೆಯಿಂದಲೇ ಸೀರೆ ವ್ಯಾಪಾರ. ಜೊತೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ನಾದಿನಿಯರು. ಬಿಲ್ಲು ಕೈಗೆ ಬಂದಾಗ ಆಕೆ ಸರ್ವಿಸ್ ಚಾರ್ಜ್ ಮೇಲೆ ಬೆರಳಿಟ್ಟು ಕೇಳಿದ್ದರು: "ಇದು ಕೊಡಲೇಬೇಕಾ?"

ಕೊಡಲೇಬೇಕೆಂದಿಲ್ಲ. ಗಿರಾಕಿಯನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸಬಾರದು ಎಂದು ಸರ್ಕಾರದ ಸೂಚನೆಯೇ ಇದೆ. ನಮ್ಮ ಮಾಲೀಕರು ಮಾತ್ರ ಸೇರಿಸಿಯೇ ಕೊಡಿ, ಕೇಳಿದವರಿಗೆ ತೆಗೆಯಿರಿ ಎಂದಿದ್ದರು. ಕೇಳುವವರು ಕಡಿಮೆ. ಆಕೆ ಕೇಳಿದರು. ಜೊತೆಗೆ, "ಇದು ಈ ಬಡಿಸಿದೋರಿಗೆ ಹೋಗುತ್ತಾ?" ಎಂದೂ ಕೇಳಿದರು. "ಎಲ್ರಿಗೂ ಹಂಚ್ತೀವಿ ಮೇಡಂ," ಎಂದೆ. ಯಾರಿಗೆ ಎಷ್ಟು ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆ ಟೇಬಲ್ಲಿಗೆ ಬಡಿಸಿದ ಸಪ್ಲೈಯರ್ ತ್ಯಾಮಗೊಂಡ್ಲು ಕಡೆಯವರು, ನಲವತ್ತೆಂಟು ವರ್ಷದ ಮನುಷ್ಯ. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಅವರು ನನಗೆ ಮೇಡಂ ಎನ್ನುತ್ತಿದ್ದರು. ಆ ದಿನ ಅಜ್ಜಿಗೆ ರೊಟ್ಟಿ ಬಿಸಿ ಸಾಲದೆಂದು ಎರಡು ಸಲ ಒಳಗೆ ಹೋಗಿ ಬಂದಿದ್ದರು. ಬಿಲ್ಲು ತಿದ್ದಿಸಿಕೊಂಡು ಹೆಂಗಸರು ಏಳುತ್ತಿದ್ದಾಗ, ತಟ್ಟೆ ಎತ್ತುತ್ತಿದ್ದ ಅವರು, "ಹೊಟ್ಟೆ ತುಂಬಾ ತಿಂದು ಬಡಿಸಿದೋನ ದುಡ್ಡು ಹೊಡ್ಕೊಂಡ್ ಹೋಗ್ತಾರೆ," ಎಂದರು. ಪಕ್ಕದ ಎರಡು ಟೇಬಲ್ಲಿಗೆ ಕೇಳಿಸುವಷ್ಟು ಜೋರಾಗಿ. ಆಕೆ ತಿರುಗಿ ನಿಂತರು. ನಾನು ಓಡಿಹೋಗಿ ಕೈ ಮುಗಿದು ಸಮಾಧಾನ ಮಾಡಿ ಕಳಿಸಿದ್ದೆ.

ಅದೇ ಮಾತು ಈಗ ಫೋಟೋದ ಕೆಳಗಿತ್ತು.

ಫೋನಿನಲ್ಲಿ ಆಕೆಗೆ, "ನಂಬರ್ ಸ್ವಲ್ಪ ದಿನ ಆಫ್ ಮಾಡಿಡಿ ಮೇಡಂ, ವಿಚಾರಿಸ್ತೀನಿ," ಎಂದೆ.

"ಆಫ್ ಮಾಡೋದಾ? ನಾನ್ ಮಾರೋ ಒಂದೊಂದ್ ಸೀರೆ ಡಬ್ಬಿ ಮೇಲೂ ಈ ನಂಬರೇ ಇರೋದು. ಆಫ್ ಮಾಡಿದ್ರೆ ಮನೇಲಿ ಮಗ್ಗ ಆಫ್ ಮಾಡ್ದಂಗೆ. ನೀವು ಹೇಳಿ, ಯಾರು ಹಾಕಿದ್ದು?"

ಮಾಲೀಕರಿಗೆ ತಿಳಿಸಿದೆ. ಅವರು ಫೋಟೋ ನೋಡಿ, "ಒಳಗಿನೋರೇ. ನೀನೇ ಹುಡುಕಮ್ಮ, ಬಿಲ್ಲಿಂಗ್ ನಿಂದು," ಎಂದರು. ಹೊರಗೆ ಯಾರಿಗೂ ಸುದ್ದಿ ಹೋಗಬಾರದು ಎಂದೂ ಸೇರಿಸಿದರು. ನಮ್ಮ ಹೆಸರು ಫೋಟೋದಲ್ಲಿ ಇಲ್ಲವಲ್ಲ ಎಂಬ ನೆಮ್ಮದಿ ಅವರ ಮುಖದಲ್ಲಿ ಇದ್ದ ಹಾಗಿತ್ತು.

ಹುಡುಕಲು ನನಗೊಂದು ದಾರಿ ಇತ್ತು. ಗಿರಾಕಿ ಬಿಲ್ಲು ತಿದ್ದಿಸಿದರೆ ನಮ್ಮಲ್ಲಿ ಒಂದು ಕ್ರಮ. ಮೊದಲ ಬಿಲ್ಲಿನ ಮೇಲೆ ಅವರಿಂದಲೇ ಬರೆಸಿ ಸಹಿ ಹಾಕಿಸಬೇಕು. ಸಪ್ಲೈಯರ್ ಅದನ್ನು ಕೌಂಟರಿಗೆ ತರಬೇಕು. ನಾನು ಅದನ್ನು ಯಂತ್ರದಲ್ಲಿ ರದ್ದು ಮಾಡಿ ಹೊಸ ಬಿಲ್ಲು ಕೊಟ್ಟು, ಹಳೆಯದನ್ನು ಕೌಂಟರಿನ ಮೇಲಿನ ಚೂಪು ಕಂಬಿಗೆ ಚುಚ್ಚಬೇಕು. ದಿನದ ಕೊನೆಗೆ ಚುಚ್ಚಿದ್ದನ್ನೆಲ್ಲ ತೆಗೆದು, ಒಂದೊಂದರ ಫೋಟೋ ಹೊಡೆದು, ಬಿಲ್ಲಿಂಗ್‌ಗೆಂದೇ ಇರುವ ಮೊಬೈಲ್ ಗ್ರೂಪಿಗೆ ಹಾಕಬೇಕು. ಆ ಗ್ರೂಪಿನಲ್ಲಿ ಮಾಲೀಕರು, ಅವರ ಭಾವಮೈದುನ, ಸಪ್ಲೈಯರುಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್, ನಾನು. ಬಿಲ್ಲನ್ನು ಮತ್ತೆ ಮುದ್ರಿಸಿದರೆ ಮೇಲೆ "ನಕಲು" ಎಂದು ಬರುತ್ತದೆ. ಪೇಜಿನಲ್ಲಿದ್ದ ಬಿಲ್ಲಿನಲ್ಲಿ ಅದು ಇರಲಿಲ್ಲ. ಹಾಗಾದರೆ ಅದು ಕಂಬಿಗೆ ಚುಚ್ಚಿದ ಅದೇ ಕಾಗದ.

ಭಾನುವಾರದ ಕಟ್ಟಿನಿಂದ ಅದನ್ನು ಹುಡುಕಿ ತೆಗೆದೆ. ಅಲ್ಲಿತ್ತು. ನಡುವೆ ಕಂಬಿಯ ತೂತು, ಸುತ್ತ ಸ್ವಲ್ಪ ಹರಿದು. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಣ್ಣ ಹಳದಿಗೆ ತಿರುಗಿಸಿದ್ದರು, ಹಿನ್ನೆಲೆ ಮಸುಕು ಮಾಡಿದ್ದರು, ಆದರೆ ಅಕ್ಷರಗಳು ಸ್ಪಷ್ಟ. ತೂತು ಇರಲಿಲ್ಲ.

ಆ ಕ್ಷಣದಲ್ಲಿ ನನಗೆ ನನ್ನ ಮೇಲೆ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳಬೇಕು. ತೂತಿಲ್ಲ ಎಂದರೆ, ಕಂಬಿಗೆ ಚುಚ್ಚುವ ಮೊದಲು ತೆಗೆದ ಫೋಟೋ. ನಾನು ಗ್ರೂಪಿಗೆ ಹಾಕುವ ಫೋಟೋಗಳಲ್ಲೆಲ್ಲ ತೂತಿರುತ್ತದೆ. ಆದ್ದರಿಂದ ಗ್ರೂಪಿನದಲ್ಲ. ಟೇಬಲ್ಲಿನಿಂದ ಕೌಂಟರಿಗೆ ಬರುವ ದಾರಿಯಲ್ಲಿ ಬಿಲ್ಲು ಯಾರ ಕೈಯಲ್ಲಿತ್ತೋ ಅವರದು. ಅದು ಸಪ್ಲೈಯರ್ ಕೈಯಲ್ಲಿತ್ತು.

ಕ್ಯಾಮೆರಾ ದಾಖಲೆ ನೋಡಿದೆ. ನಮ್ಮ ಕ್ಯಾಮೆರಾದ ಗಡಿಯಾರ ಬಿಲ್ಲಿನ ಯಂತ್ರಕ್ಕಿಂತ ಹನ್ನೊಂದು ನಿಮಿಷ ಮುಂದೆ. ಕಾಗದದ ಮೇಲೆ ಕಳೆದು ಕಳೆದು ಬರೆದುಕೊಂಡೆ. ಮೂರು ಗಂಟೆ ನಾಲ್ಕು ನಿಮಿಷಕ್ಕೆ ಬಿಲ್ಲು ರದ್ದು. ಅದಕ್ಕೂ ಮುಂಚೆ ಬಿಲ್ಲು ಹಿಡಿದು ಹೊರಟ ಸಪ್ಲೈಯರ್ ಕಂಬದ ಮರೆಗೆ ಹೋಗಿ ಅರ್ಧ ನಿಮಿಷ ಕಾಣುವುದಿಲ್ಲ. ಮೂರು ಹನ್ನೆರಡಕ್ಕೆ, ಹೆಂಗಸರು ಹೊರಟ ಮೇಲೆ, ಮುಂಬಾಗಿಲಿಂದ ಆಚೆ ಹೋಗುತ್ತಾರೆ. ಮೂರು ಹದಿನೈದಕ್ಕೆ ಒಳಗೆ ಬರುತ್ತಾರೆ. ಬರುವಾಗ ಎಡಗೈ ಪ್ಯಾಂಟಿನ ಜೇಬಿನಲ್ಲಿ.

ಕರೆದು ಕೇಳಿದೆ. "ಅಣ್ಣಾ, ಭಾನುವಾರ ಆ ಗಲಾಟೆ ಆದ್ಮೇಲೆ ಎಲ್ಲಿಗ್ ಹೋಗಿದ್ರಿ?"

"ಆಂ?"

ಮತ್ತೆ ಕೇಳಿದೆ. ನನ್ನ ಬಾಯಿಯನ್ನೇ ನೋಡುತ್ತಿದ್ದವರು, "ಬಾತ್ರೂಮಿಗೆ ಹೋಗಿದ್ದೆ ಮೇಡಂ," ಎಂದರು.

ಬಾತ್ರೂಮ್ ಅಡುಗೆಮನೆಯ ಹಿಂದೆ. ಮುಂಬಾಗಿಲಿಂದ ಆಚೆ ಹೋದರೆ ವಾಹನ ನಿಲ್ಲಿಸುವ ಜಾಗ, ಆಮೇಲೆ ಹೆದ್ದಾರಿ. ಸುಳ್ಳು ಸಿಕ್ಕಿಬಿದ್ದಿತ್ತು. ಆಡಿದ ಮಾತು, ತೂತಿಲ್ಲದ ಫೋಟೋ, ಹೇಳಿದ ಸುಳ್ಳು, ಮೂರೂ ಒಬ್ಬರತ್ತಲೇ ಬೆರಳು ಮಾಡುತ್ತಿದ್ದವು.

ಬುಧವಾರ ಮಾಲೀಕರು ಎಲ್ಲ ಕೆಲಸಗಾರರ ಫೋನುಗಳನ್ನು ಲಾಕ್ ತೆಗೆಸಿ ಒಂದು ರೊಟ್ಟಿ ಬುಟ್ಟಿಯಲ್ಲಿ ಹಾಕಿಸಿದರು. ನನ್ನದೊಂದನ್ನು ಬಿಟ್ಟು. ನೋಡುವ ಕೆಲಸ ನನಗೆ. ಯಾರೂ ತಕರಾರು ಮಾಡಲಿಲ್ಲ, ಆದರೆ ಅವತ್ತಿನಿಂದ ನಾನು ನೀರಿನ ಫಿಲ್ಟರ್ ಹತ್ತಿರ ಹೋದರೆ ಅಲ್ಲಿ ನಿಂತವರ ಮಾತು ನಿಲ್ಲುತ್ತಿತ್ತು. ಕ್ಯಾಪ್ಟನ್ ಸಪ್ಲೈಯರುಗಳನ್ನು ಅನುಮಾನಿಸಿದ, ಸಪ್ಲೈಯರುಗಳು ಕ್ಯಾಪ್ಟನ್ನನ್ನು. ಎಲ್ಲರೂ ಸೇರಿ ನನ್ನನ್ನು. ಗಿರಾಕಿಯ ನಂಬರ್ ಯಂತ್ರದಲ್ಲಿ ತೆರೆದು ನೋಡಬಲ್ಲವಳು ನಾನೊಬ್ಬಳೇ ಎಂದು ಅಡುಗೆಮನೆಯಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಬೇಗ ಮುಗಿಸಿಬಿಡಬೇಕು ಎಂಬ ಆತುರ ಹೆಚ್ಚಾಯಿತು.

ಆ ಸಪ್ಲೈಯರ್ ಫೋನಿನಲ್ಲಿ ಬಿಲ್ಲಿನ ಫೋಟೋ ಇರಲಿಲ್ಲ. ಅಳಿಸಿದ ಫೋಟೋಗಳ ಜಾಗದಲ್ಲೂ ಇರಲಿಲ್ಲ. ಆ ಪೇಜನ್ನು ಅವರು ನೋಡಿದ ಗುರುತೂ ಇರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಗಳ ಜೊತೆಗಿನ ಮಾತುಗಳನ್ನು ತೆರೆದೆ. ಆಕೆ ಅಪ್ಪನಿಗೆ ಒಂದು ಆಸ್ಪತ್ರೆ ವರದಿ ಕಳಿಸಿದ್ದಳು. ಕಿವಿ ಪರೀಕ್ಷೆಯದು. ಬಲಗಿವಿ ಹೆಚ್ಚುಕಡಿಮೆ ಹೋಗಿದೆ, ಎಡಗಿವಿಗೆ ಯಂತ್ರ ಹಾಕಿಸಬೇಕು ಎಂದಿತ್ತು. ಕೆಳಗೆ ಅಪ್ಪನ ಉತ್ತರ: "ಸದ್ಯ ಬೇಡ ಕಣಮ್ಮ. ಕಿವೀಲಿ ಮಿಷನ್ ನೋಡಿದ್ರೆ ಬಡಿಸೋಕೆ ಟೇಬಲ್ ಕೊಡಲ್ಲ."

ಸಂಜೆ ಮಾಲೀಕರು, "ಏನ್ ಸಿಕ್ತಮ್ಮಾ?" ಎಂದರು.

"ಫೋಟೋ ಸಿಗ್ಲಿಲ್ಲ ಸರ್. ಆದ್ರೆ..." ಎಂದು ಶುರುಮಾಡಿ, ಮುಂಬಾಗಿಲು, ಬಾತ್ರೂಮಿನ ಸುಳ್ಳು ಎಲ್ಲ ಹೇಳಿದೆ. ಕಿವಿಯ ವಿಷಯವನ್ನೂ ಹೇಳಿದೆ. ಅದನ್ನು ಹೇಳಿದ್ದು ಯಾಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಡೀ ದಿನ ಹುಡುಕಿ ಬರಿಗೈಯಲ್ಲಿ ಬಂದೆ ಅನ್ನಿಸಬಾರದಿತ್ತು, ಅಷ್ಟೇ. ಮಾಲೀಕರು "ಓಹೋ" ಎಂದರು.

ಗುರುವಾರ ಸಪ್ಲೈಯರನ್ನು ಕೆಲಸದಿಂದ ತೆಗೆದರು. ಸಮವಸ್ತ್ರದ ಕಪ್ಪು ಕೋಟನ್ನು ಮಡಚಿ ಕೌಂಟರಿನ ಮೇಲಿಟ್ಟು, "ನಾನಲ್ಲ ಮೇಡಂ," ಎಂದಷ್ಟೇ ಹೇಳಿ ಬಸ್ಸಿಗೆ ಹೋದರು. ನಾನು ತಲೆ ಎತ್ತಲಿಲ್ಲ. ತಪ್ಪು ಮಾಡಿದವರು ಹೀಗೇ ಹೇಳುತ್ತಾರೆ ಎಂದುಕೊಂಡೆ.

ಶುಕ್ರವಾರ ಆ ಹೆಂಗಸು ತಾವೇ ಬಂದರು. ಕೈಯಲ್ಲಿ ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಸ್ವೀಕೃತಿ. ನಾಲ್ಕು ದಿನದಲ್ಲಿ ಮುಖ ಬಾಡಿಹೋಗಿತ್ತು. ನಾನು ಕುರ್ಚಿ ಹಾಕಿಸಿದೆ. ಕೂರಲಿಲ್ಲ.

"ನಮ್ಮತ್ತೆ ಫೋನ್ ಎತ್ತಿದ್ರು ಮೊನ್ನೆ," ಎಂದರು. "ಸೀರೆ ಆರ್ಡರ್ರು ಅಂತ. ಎಂಬತ್ತು ವರ್ಷದೋರಿಗೆ ಆ ನನ್ಮಗ ಏನ್ ಅಂದ ಅಂತ ಅವ್ರು ನನ್ ಹತ್ರ ಹೇಳ್ಲಿಲ್ಲ. ಅವತ್ತಿಂದ ಫೋನ್ ರಿಂಗಾದ್ರೆ ಎದ್ ಒಳಗ್ ಹೋಗ್ತಾರೆ."

ಹೇಳಲು ನನಗೊಂದು ಉತ್ತರವಾದರೂ ಇದೆ ಎಂದುಕೊಂಡು, "ಯಾರು ಮಾಡಿದ್ದು ಅಂತ ಗೊತ್ತಾಯ್ತು ಮೇಡಂ," ಎಂದೆ. "ಅವತ್ತು ನಿಮಗೆ ಬಡಿಸಿದ್ರಲ್ಲ, ಅವ್ರೇ. ಕೆಲ್ಸದಿಂದ ತೆಗ್ದಿದೀವಿ."

ಆಕೆ ನನ್ನನ್ನೇ ನೋಡಿದರು. "ಅವರಾ? ಅವ್ರು ಯಾಕ್ ಮಾಡ್ತಾರೆ? ಅವ್ರಿಗೆ ನಾನು ಆಚೆ ಕರ್ದು ದುಡ್ಡು ಕೊಟ್ಟೆನಲ್ಲ."

"ಯಾವಾಗ?"

"ಆವಾಗ್ಲೇ. ಕಾರ್ ಹತ್ರ. ಬಿಲ್ಲಲ್ಲಿ ಹಾಕಿದ್ರೆ ಯಾರ್ ಕೈಗ್ ಹೋಗುತ್ತೋ ನನಗೇನ್ ಗೊತ್ತು? ನಾನು ಯಾವತ್ತೂ ಕೈಗೇ ಕೊಡೋದು. ನಮ್ ಡ್ರೈವರ್ ಬಾಗಿಲಲ್ಲಿ ನಿಂತು ಸನ್ನೆ ಮಾಡಿ ಕರ್ದ. ಇಸ್ಕೊಳಲ್ಲ ಅಂದ್ರು ಪಾಪ. ಟಿಪ್ಸ್ ಎಲ್ಲಾ ಡಬ್ಬಕ್ಕೆ ಹಾಕ್ಬೇಕಂತೆ, ಕೈಗೆ ತಗೊಂಡಿದ್ ಗೊತ್ತಾದ್ರೆ ಕೆಲ್ಸ ಹೋಗುತ್ತಂತೆ. ಬಲವಂತವಾಗಿ ಜೇಬಿಗೆ ತುರುಕಿದೆ. ನಿಮ್ ಮಾತಿಗೆ ನನಗೆ ಬೇಜಾರಿಲ್ಲ ಕಣಣ್ಣ ಅಂದೆ. ಅದ್ಕವ್ರು ಏನಂದ್ರು ಗೊತ್ತಾ? ನಾನು ಮನಸಲ್ಲೇ ಅಂದ್ಕೊಂಡೆ ಅನ್ಕೊಂಡಿದ್ದೆ ಅಮ್ಮ, ಆಚೆ ಕೇಳಿಸ್ತಾ ಅಂದ್ರು. ಕಣ್ಣಲ್ಲಿ ನೀರಿತ್ತು."

ಕಿವಿ ಕೇಳಿಸದ ಮನುಷ್ಯನಿಗೆ ತನ್ನ ದನಿಯ ಅಳತೆಯೂ ಸಿಗುವುದಿಲ್ಲ. ಆ ವರದಿಯನ್ನು ಓದಿದ್ದ ನನಗೆ ಇಷ್ಟು ಹೊಳೆದಿರಲಿಲ್ಲ. ಮುಂಬಾಗಿಲು, ಜೇಬಿನಲ್ಲಿದ್ದ ಕೈ, ಬಾತ್ರೂಮಿನ ಸುಳ್ಳು ಎಲ್ಲಕ್ಕೂ ಈಗ ಅರ್ಥ ಸಿಕ್ಕಿತ್ತು. ನಾನು ಜೋಡಿಸಿದ ಅರ್ಥ ಅದಾಗಿರಲಿಲ್ಲ.

ಆದರೆ ತೂತಿಲ್ಲದ ಫೋಟೋ? ಆಕೆ ಹೋದ ಮೇಲೆ ಕ್ಯಾಪ್ಟನ್ನನ್ನು ಕರೆದು ಬಿಲ್ಲಿಂಗ್ ಗ್ರೂಪ್ ತೋರಿಸು ಎಂದೆ. ನನ್ನ ಫೋನಿನಲ್ಲಿ ಜಾಗ ಸಾಲದೆ ಪ್ರತಿ ಸೋಮವಾರ ಗ್ರೂಪಿನ ಹಳೆಯ ಸಂದೇಶಗಳನ್ನೂ ಫೋಟೋಗಳನ್ನೂ ಅಳಿಸುತ್ತೇನೆ. ಈ ಸೋಮವಾರವೂ ಅಳಿಸಿದ್ದೆ. ಬುಧವಾರ ಕ್ಯಾಪ್ಟನ್ ಫೋನ್ ನೋಡುವಾಗಲೂ, ನಮ್ಮದೇ ಗ್ರೂಪಲ್ಲವೇ ಎಂದು ಅದನ್ನು ತೆರೆದಿರಲಿಲ್ಲ. ಅವನು ಭಾನುವಾರದವರೆಗೆ ಹಿಂದಕ್ಕೆ ಸರಿಸಿದ. ದಿನದ ಕೊನೆಯ ಫೋಟೋಗಳು ಬಂದವು, ಎಲ್ಲಕ್ಕೂ ತೂತು. ಇನ್ನೂ ಹಿಂದಕ್ಕೆ ಸರಿಸಿದವನು ತಟ್ಟನೆ ಬೆರಳು ನಿಲ್ಲಿಸಿದ. ಫೋನನ್ನು ನನ್ನ ಕೈಗೆ ಕೊಟ್ಟ.

ಮಧ್ಯಾಹ್ನ ಮೂರು ಗಂಟೆ ಆರು ನಿಮಿಷ. ಕಳಿಸಿದವಳು ನಾನು. ಗ್ರಾನೈಟ್ ಕೌಂಟರಿನ ಮೇಲೆ ಬಿಲ್ಲು, ಇನ್ನೂ ಕಂಬಿಗೆ ಚುಚ್ಚಿರಲಿಲ್ಲ. ಕೆಳಗೆ ನನ್ನದೇ ಸಂದೇಶ: "ಸರ್ ಟೇಬಲ್ ಏಳು ಗಲಾಟೆ. ನಾಲ್ಕು ಜನ ಹೊಟ್ಟೆ ತುಂಬಾ ತಿಂದು ಬಡಿಸಿದೋನ ದುಡ್ಡು ಹೊಡ್ಕೊಂಡು ಹೋದ್ರು. ಇಂಥೋರಿಗೆ ಏನನ್ನಬೇಕು."

ಸಿಟ್ಟಿನಲ್ಲಿ ಇದ್ದೆ. ಆಕೆಯ ಮುಂದೆ ಕೈ ಮುಗಿಯಬೇಕಾಗಿ ಬಂದದ್ದು ಚುಚ್ಚಿತ್ತು. ಅವರು ಇನ್ನೂ ಬಾಗಿಲು ದಾಟುವ ಮೊದಲೇ, ನಾಳೆ ಮಾಲೀಕರು ನನ್ನನ್ನೇ ಕೇಳಬಾರದೆಂದು, ಸಪ್ಲೈಯರ್ ಆಡಿದ ಮಾತನ್ನೇ ಬೆರಳಿಗೆ ಬಂದ ಹಾಗೆ ಒತ್ತಿ ಕಳಿಸಿದ್ದೆ. ಕಳಿಸಿ ಮರೆತಿದ್ದೆ. ಪೇಜಿನಲ್ಲಿ ಅದನ್ನು ಓದಿದಾಗ ನನಗೆ ಅವರ ದನಿ ಕೇಳಿಸಿತೇ ಹೊರತು ನನ್ನದು ಕೇಳಿಸಲಿಲ್ಲ.

"ಗ್ರೂಪಲ್ಲಿ ಎಷ್ಟ್ ಜನ ಇದಾರೋ?" ಎಂದು ಕ್ಯಾಪ್ಟನ್ನನ್ನು ಕೇಳಿದೆ.

"ಐದು, ಮೇಡಂ."

ಐದನೆಯವನು ನಮ್ಮ ರೆಸ್ಟೋರೆಂಟಿನ ಆಫರ್ ಜಾಹೀರಾತುಗಳನ್ನು ಮೊಬೈಲಿನಲ್ಲಿ ಹರಡಲು ಮಾಲೀಕರು ನೇಮಿಸಿದ್ದ ಹೊರಗಿನ ಮನುಷ್ಯ. ಯಾವ ದಿನ ಎಷ್ಟು ಗಿರಾಕಿ ಬಂದರು ಎಂದು ಅವನಿಗೆ ತಿಳಿಯಲಿ ಎಂದು ಎರಡು ತಿಂಗಳ ಹಿಂದೆ ಗ್ರೂಪಿಗೆ ಸೇರಿಸಿದ್ದರು. ನಾನು ಗಮನಿಸಿರಲಿಲ್ಲ. ಆ ತಿಂಡಿಯ ಪೇಜನ್ನು ನಡೆಸುವವನೂ ಅವನೇ.

ಮಾಲೀಕರು ಅವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. "ಸರ್, ನಿಮ್ಮ ಹೆಸ್ರು ಕಟ್ ಮಾಡಿದೀನಲ್ಲ," ಎಂದ ಅವನು. "ಇಂಥದ್ದು ಚೆನ್ನಾಗ್ ಓಡುತ್ತೆ ಸರ್. ಪೇಜಿಗೆ ಜನ ಬಂದ್ರೆ ನಿಮ್ಮ ಆಫರ್ ನೋಡೋರೂ ಜಾಸ್ತಿ ಆಗ್ತಾರೆ. ನಂಬರ್ ಇದ್ದಿದ್ದು ನಾನ್ ನೋಡ್ಲಿಲ್ಲ." ಮಾಲೀಕರು ಬೈದರು. ಬೈಗುಳ ಸ್ವಲ್ಪ ಬೇಗನೇ ಮುಗಿಯಿತು ಎನ್ನಿಸಿತು ನನಗೆ. ಫೋಟೋದಲ್ಲಿ ನಮ್ಮ ಹೆಸರು ಕತ್ತರಿಸಿರುವುದನ್ನು ಅವರು ಮಂಗಳವಾರ ಒಂದೇ ನೋಟಕ್ಕೆ ಗುರುತಿಸಿದ್ದರು. ಅವರಿಗೆ ಮೊದಲೇ ಗೊತ್ತಿತ್ತೇ? ಇವತ್ತಿಗೂ ನನಗೆ ಅದು ತಿಳಿಯದು. ಕೇಳಿದರೆ ಇಲ್ಲ ಎನ್ನುತ್ತಾರೆ. ಆ "ಇಲ್ಲ"ವನ್ನು ನಂಬಬೇಕೋ ಬೇಡವೋ ಎಂಬುದನ್ನು ನನ್ನಿಂದ ತೀರ್ಮಾನಿಸಲು ಆಗಿಲ್ಲ.

ಶನಿವಾರ ಠಾಣೆಯಿಂದ ಕರೆ ಬಂತು. ಬಿಲ್ಲು ಹೊರಗೆ ಹೋದದ್ದು ಹೇಗೆಂದು ರೆಸ್ಟೋರೆಂಟಿನವರು ಬರೆದು ಕೊಡಬೇಕು. ಮಾಲೀಕರು ಒಂದು ಹಾಳೆ ಟೈಪ್ ಮಾಡಿಸಿ ತಂದು ನನ್ನ ಮುಂದಿಟ್ಟರು. ಕೆಲಸದಿಂದ ತೆಗೆದುಹಾಕಲಾದ ನೌಕರನೊಬ್ಬ ದ್ವೇಷದಿಂದ ಬಿಲ್ಲಿನ ಚಿತ್ರ ತೆಗೆದಿರುವುದು ನಮ್ಮ ವಿಚಾರಣೆಯಲ್ಲಿ ಕಂಡುಬಂದಿದೆ ಎಂದು ಅದರಲ್ಲಿತ್ತು. ಕೊನೆಯಲ್ಲಿ ಬಿಲ್ಲಿಂಗ್ ಮೇಲ್ವಿಚಾರಕಿಯ ಸಹಿಗೆ ಜಾಗ.

"ಇದು ನಿಜ ಅಲ್ವಲ್ಲ ಸರ್."

"ಅವ್ನು ಆಗ್ಲೇ ಹೋಗಾಯ್ತಲ್ಲಮ್ಮ. ಹೋದೋನ ಮೇಲೆ ಹೋಗ್ಲಿ ಬಿಡು. ನೀನು ಉಳ್ಕೋತೀಯ, ಹೋಟ್ಲೂ ಉಳಿಯುತ್ತೆ. ಆ ಫೋಟೋ ತೆಗ್ದೋಳು ನೀನು ಅಂತ ನಾನ್ ಯಾರಿಗಾದ್ರೂ ಹೇಳಿದೀನಾ?"

ಮಾತಿನಲ್ಲಿ ಮಮತೆಯಿತ್ತು. ಅದಕ್ಕೇ ಭಯವಾಯಿತು. ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು, "ಸಹಿ ಹಾಕಿದ್ರೆ ನಿನಗೆ ನಿದ್ದೆ ಬರುತ್ತಾ?" ಎಂದರು. ಸಹಿ ಹಾಕದಿದ್ದರೂ ಬರುವುದಿಲ್ಲ ಎಂದೆ. ಸಂಬಳ ನಿಂತರೆ ಮನೆ ಹೇಗೆ ನಡೆಯುತ್ತದೆ ಎಂದು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಭಾನುವಾರ ಬೆಳಗ್ಗೆ ಬಿಳಿ ಹಾಳೆಯ ಮೇಲೆ ನನ್ನ ಕೈಯಲ್ಲೇ ಬರೆದೆ. ಫೋಟೋ ತೆಗೆದದ್ದು ನಾನು, ಆ ಸಾಲುಗಳನ್ನು ಬರೆದದ್ದೂ ನಾನು, ಗ್ರೂಪಿನಲ್ಲಿ ಹೊರಗಿನವನು ಇದ್ದದ್ದನ್ನು ನೋಡಿಕೊಳ್ಳಲಿಲ್ಲ, ಕೆಲಸ ಕಳೆದುಕೊಂಡವರಿಗೂ ಇದಕ್ಕೂ ಸಂಬಂಧವಿಲ್ಲ. ಸಮಯಗಳನ್ನು ಹನ್ನೊಂದು ನಿಮಿಷ ಕಳೆದೇ ಬರೆದೆ. ಕ್ಯಾಪ್ಟನ್ ಗ್ರೂಪಿನ ಆ ಪುಟವನ್ನು ಮುದ್ರಿಸಿ ತಂದುಕೊಟ್ಟ. ಅವನ ಹೆಸರು ಬರೆಯಬೇಡಿ ಎಂದು ಕೇಳಿಕೊಂಡ. ಬರೆಯಲಿಲ್ಲ.

ಠಾಣೆಯಲ್ಲಿ ಅಧಿಕಾರಿ ಎರಡು ಸಲ ಓದಿದರು. "ಇದನ್ನ ನಿಮ್ ಓನರ್ ನೋಡಿದಾರಾ?" ಎಂದರು.

"ಇಲ್ಲ ಸರ್. ಇವಾಗ ಹೋಗಿ ತೋರಿಸ್ತೀನಿ."

ಎರಡು ದಿನದಲ್ಲಿ ಆ ಪೋಸ್ಟ್ ಪೇಜಿನಿಂದ ಹೋಯಿತು. ಬೇರೆಯವರು ಉಳಿಸಿಕೊಂಡ ಪ್ರತಿಗಳು ಹೋಗಲಿಲ್ಲ. ಪೇಜಿನವನನ್ನು ಕರೆಸಿ ಹೇಳಿಕೆ ತೆಗೆದುಕೊಂಡರು, ಪ್ರಕರಣ ಇನ್ನೂ ನಡೆಯುತ್ತಿದೆ. ಮಾಲೀಕರು ನನ್ನ ಮೇಲೆ ಕೂಗಾಡಲಿಲ್ಲ. "ತಿಂಗಳು ಮುಗಿಸ್ಕೊಂಡು ಹೋಗಮ್ಮ," ಎಂದರು. ಸರ್ವಿಸ್ ಚಾರ್ಜ್ ಬಿಲ್ಲಿನಲ್ಲಿ ಹಾಗೇ ಉಳಿಯಿತು.

ರಜೆಯ ದಿನ ಸಪ್ಲೈಯರನ್ನು ಹುಡುಕಿಕೊಂಡು ಹೋದೆ. ಅರಿಶಿನಕುಂಟೆಯ ಹತ್ತಿರ ಮದುವೆ ಊಟ ಮಾಡಿಕೊಡುವವರೊಬ್ಬರ ಅಡುಗೆ ಶೆಡ್ಡಿನಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದರು. ಎಡಗಡೆಯಿಂದ ಹೋಗಿ ಅವರ ಮುಂದೆ ಕೂತೆ. ನಡೆದದ್ದನ್ನು ಹೇಳಿದೆ. ಸೂಚನೆಯಿಲ್ಲದೆ ತೆಗೆದದ್ದಕ್ಕೆ ಕೊಡಬೇಕಾದ ಒಂದು ತಿಂಗಳ ಸಂಬಳವನ್ನು ಕೊಡಿಸಲು ಅರ್ಜಿ ಬರೆದು ತಂದಿದ್ದೆ, ಅದನ್ನೂ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡರು. ಓದಲಿಲ್ಲ.

"ಮೇಡಂ, ಅವತ್ತು ನನ್ ಫೋನಲ್ಲಿ ಇನ್ನೇನೇನ್ ನೋಡಿದ್ರಿ?"

"ಕಿವಿ ರಿಪೋರ್ಟ್ ನೋಡ್ದೆ ಅಣ್ಣ."

"ಓನರ್‌ಗೆ ಹೇಳಿದ್ರಾ?"

ಇಲ್ಲ ಎನ್ನಬಹುದಿತ್ತು. ಅವರಿಗೆ ತಿಳಿಯುವ ದಾರಿ ಇರಲಿಲ್ಲ. "ಹೇಳಿದೆ," ಎಂದೆ.

ಅವರು ತಲೆಯಾಡಿಸಿದರು. "ಗುರುವಾರ ಬೆಳಗ್ಗೆ ನಾನು ಟೇಬಲ್ ಒರೆಸ್ತಿದ್ದೆ. ತಿರುಗಿ ನೋಡಿದ್ರೆ ಓನರ್ ಹಿಂದೇನೇ ನಿಂತಿದಾರೆ, ಇನ್ನಿಬ್ರು ಪಕ್ಕದಲ್ಲಿ ನಗ್ತಿದಾರೆ. ಎಷ್ಟೋ ಸಲ ಕರ್ದ್ರಂತೆ. ಯಾಕೆ ಹಿಂಗ್ ಮಾಡಿದ್ರು ಅಂತ ನನಗೆ ಇಷ್ಟ್ ದಿನ ಗೊತ್ತಾಗಿರ್ಲಿಲ್ಲ."

ಮತ್ತೆ ಕತ್ತಿ ಕೈಗೆತ್ತಿಕೊಂಡರು. ಅವರು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ಏಳುವಾಗ, "ಬಸ್ ಆ ಕಡೆ ನಿಲ್ಲುತ್ತೆ, ರಸ್ತೆ ದಾಟ್ಕೊಳಿ," ಎಂದರು.

ನನ್ನ ಕೆಲಸ ಮುಗಿಯಲು ಒಂಬತ್ತು ದಿನ ಇರುವಾಗ ಸೀರೆ ವ್ಯಾಪಾರದ ಆ ಹೆಂಗಸು ಇನ್ನೊಮ್ಮೆ ಬಂದರು. ನನ್ನ ಹೇಳಿಕೆಯನ್ನು ಠಾಣೆಯಲ್ಲಿ ಓದಿದ್ದರು. ಅದರ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನೂ ಅನ್ನಲಿಲ್ಲ. "ನಿಮ್ ಮಿಷನ್ನಲ್ಲಿ ನನ್ ನಂಬರ್ ಇರಬಾರ್ದು," ಎಂದರು. "ನನ್ ಕಣ್ ಮುಂದೇನೇ ತೆಗೀರಿ."

ಅಳಿಸಲು ಹೋದರೆ ಯಂತ್ರ ಬಿಡಲಿಲ್ಲ. ಗಿರಾಕಿಯ ವಿವರ ಸೇರಿಸುವ ಅಧಿಕಾರ ನನಗಿತ್ತು, ತೆಗೆಯುವ ಅಧಿಕಾರ ಅದನ್ನು ಮಾರಿದ ಕಂಪನಿಯವರಿಗೆ ಮಾತ್ರ. ಫೋನ್ ಮಾಡಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಊಟಕ್ಕೆ ಹೋಗಿದ್ದರು. ಮಾಲೀಕರ ಒಪ್ಪಿಗೆಯ ಮಿಂಚಂಚೆ ಬೇಕು ಎಂದರು, ಮಾಲೀಕರು ಬೆಂಗಳೂರಿಗೆ ಹೋಗಿದ್ದರು. ಆಕೆ ಎರಡೂವರೆ ಗಂಟೆ ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕಾಫಿ ಬೇಡ ಎಂದರು, ನೀರೂ ಬೇಡ ಎಂದರು. ಕೊನೆಗೆ ಆಯಿತು ಎಂದು ಆ ಕಡೆಯಿಂದ ಹೇಳಿದಾಗ, ಎದ್ದು ಬಂದು ತಮ್ಮ ನಂಬರನ್ನು ತಾವೇ ಒಂದೊಂದೇ ಅಂಕಿ ಒತ್ತಿ ಹುಡುಕಿದರು. ಪರದೆಯ ಮೇಲೆ ಏನೂ ಬರಲಿಲ್ಲ.

ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡರು. ಹೊರಟವರು ನಿಂತು, "ಮಿಕ್ಕೋರ್ದು?" ಎಂದು ಕೇಳಿದರು.

ಉತ್ತರಕ್ಕೆ ಕಾಯಲಿಲ್ಲ.

ಹಳೆಯ ಹೆಸರುಗಳನ್ನು ತೆಗೆಯುವುದು ನನ್ನ ಕೈಯಲ್ಲಿರಲಿಲ್ಲ. ಹೊಸದನ್ನು ಸೇರಿಸುವುದು ಇತ್ತು. ಮೊಬೈಲ್ ನಂಬರಿನ ಹತ್ತು ಅಂಕಿ ಒತ್ತದೆ ಯಂತ್ರ ಬಿಲ್ಲು ಕೊಡುವುದಿಲ್ಲ. ಆ ಒಂಬತ್ತು ದಿನ ಯಾರನ್ನೂ ನಂಬರ್ ಕೇಳಲಿಲ್ಲ. ಬಂದ ಪ್ರತಿ ಟೇಬಲ್ಲಿನ ಬಿಲ್ಲಿಗೂ ನನ್ನ ನಂಬರೇ ಹಾಕಿದೆ. ಬಿಟ್ಟು ಬಂದು ಎಷ್ಟೋ ದಿನವಾಯಿತು. ಅಲ್ಲಿಂದ ಈಗಲೂ ವಾರವಾರ ಸಂದೇಶ ಬರುತ್ತದೆ: ಆತ್ಮೀಯ ಗ್ರಾಹಕರೇ, ಈ ಭಾನುವಾರ ಕುಟುಂಬ ಸಮೇತ ಬನ್ನಿ.